ಹಳೆಯದಾಗಬೇಕಿದ್ದ ಕಾಲುಚೀಲ

ಸುಮ್ಮನೆ ಕೂರುವುದೂ ಒಂದು ವಿದ್ಯೆ ಎನ್ನುವುದಾದರೆ ಆ ವಿದ್ಯೆಯಲ್ಲಿ ನಾನು ಒಂದನೇ ತರಗತಿಯನ್ನೂ ದಾಟಿಲ್ಲ. ಊಟಕ್ಕೆ ಕೂತರೆ ಹುಳಿ ಬಡಿಸುವಷ್ಟರಲ್ಲಿ ಎರಡು ಸಲ ಎದ್ದು ಉಪ್ಪಿನ ಭರಣಿಯನ್ನೋ ನೀರಿನ ಚೊಂಬನ್ನೋ ತರುತ್ತೇನೆ. ಹರಿಕಥೆಗೆ ಹೋದರೆ ಬಾಗಿಲ ಪಕ್ಕದ ಜಾಗವನ್ನೇ ಹಿಡಿಯುತ್ತೇನೆ, ನಡುವೆ ಎದ್ದು ಬರಲು ಸುಲಭವೆಂದು. ದಿನಚರಿಯ ಅಭ್ಯಾಸ ಅಂಟಿಕೊಂಡದ್ದೂ ಇದರಿಂದಲೇ. ದಿನವಿಡೀ ಓಡಾಡಿದ್ದಕ್ಕೆ ಒಂದು ಲೆಕ್ಕವಾದರೂ ಉಳಿಯಲಿ ಎಂದು ತಾರೀಖು ಹಾಕಿ ಬರೆದಿಡುತ್ತೇನೆ: ಬಾವಿಯಿಂದ ಸೇದಿದ ಕೊಡಗಳು ಇಷ್ಟು, ಅಂಚೆಯವನು ನಮ್ಮ ಮನೆಯನ್ನು ದಾಟಿಕೊಂಡು ಹೋದದ್ದು ಎರಡು ಸಲ, ಕೆಲಸದ ಆರ್ಡರ್ ಬಂದದ್ದು ಇಲ್ಲ. ಟೀಚರ್ ಟ್ರೈನಿಂಗ್ ಮುಗಿಸಿ, ಆ ಆರ್ಡರ್ ಕಾಯುತ್ತ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ನಾನು ಕೂತಿದ್ದ, ಅಂದರೆ ಕೂರಲಾರದೆ ಇದ್ದ ಕಾಲದ ಮಾತು ಇದು.

ಟ್ರೈನಿಂಗಿನ ಗೆಳತಿಯೊಬ್ಬಳು ನನಗೆ ಲೇಸ್ ಕಾಲುಚೀಲ ಹೆಣೆಯುವುದನ್ನು ಕಲಿಸಿಕೊಟ್ಟಿದ್ದಳು. ಗಾಂಧಿ ಬಜಾರಿನ ಅಂಗಡಿಯಲ್ಲಿ ಸಿಗುತ್ತಿದ್ದುದು ಸ್ವೆಟರಿಗೆ ಬೇಕಾದ ದಪ್ಪ ಕಡ್ಡಿಗಳು. ಕಾಲುಚೀಲಕ್ಕಾದರೆ ಎರಡೂ ತುದಿ ಚೂಪಾದ, ಸಣ್ಣನೆಯ ಕಡ್ಡಿಗಳು ಬೇಕು. ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಚಕ್ರದ ಕಡ್ಡಿಗಳನ್ನು ಕತ್ತರಿಸಿ ತುದಿ ಅರೆದುಕೊಡಿ ಎಂದು ಕೇಳಿದೆ. ಅಂಗಡಿಯ ಸಾಹೇಬರು ನನ್ನ ಹಿಂದೆ ಮುಂದೆ ನೋಡಿ, "ಸೈಕಲ್ ಎಲ್ಲಿದೆಯಮ್ಮಾ?" ಎಂದರು. ಕಾಲುಚೀಲಕ್ಕೆಂದು ಹೇಳಿದ ಮೇಲೆ ಅವರು ಮತ್ತೇನನ್ನೂ ಕೇಳಲಿಲ್ಲ. ಬೇಗ ಬೇಗ ಅರೆದುಕೊಟ್ಟು ನನ್ನನ್ನು ಸಾಗಹಾಕಿದರು.

ಲೇಸ್ ಹೆಣಿಗೆಯ ಸುಖವೇನೆಂದರೆ ಅದರಲ್ಲಿ ತೂತುಗಳನ್ನು ಬೇಕೆಂದೇ ಮಾಡುವುದು. ನೂಲನ್ನು ಕಡ್ಡಿಗೆ ಸುಮ್ಮನೆ ಒಂದು ಸುತ್ತು ಹಾಕಿದರೆ ಅಲ್ಲೊಂದು ತೂತು. ಪಕ್ಕದ ಎರಡು ಕುಣಿಕೆಗಳನ್ನು ಒಂದು ಮಾಡಿದರೆ ಆ ತೂತಿಗೊಂದು ಓರೆ. ಹತ್ತು ಸಾಲಿನವರೆಗೂ ಕೈಯಲ್ಲಿರುವುದು ಬರೀ ನೂಲಿನ ಗೋಜಲು. ಆಮೇಲೆ ಎಲ್ಲಿಂದಲೋ ಒಂದು ಎಲೆ ಬಿಚ್ಚಿಕೊಳ್ಳುತ್ತದೆ, ಅದರ ಮೇಲೆ ಇನ್ನೊಂದು. ಆ ಗಳಿಗೆಯಲ್ಲಿ ನಾನು ಎಷ್ಟೋ ಹೊತ್ತು ಕೂತಲ್ಲೇ ಕೂತಿರುತ್ತೇನೆ ಎಂಬುದು ಮನೆಯವರೆಲ್ಲ ಒಪ್ಪಿದ ಸಂಗತಿ. ಕಷ್ಟವೇನೆಂದರೆ, ಒಂದು ಸುತ್ತು ಮರೆತರೂ ಇಡೀ ಎಲೆ ವಾಲುತ್ತದೆ, ಅದು ವಾಲಿದ್ದು ತಿಳಿಯುವುದು ಆರು ಸಾಲು ಆದಮೇಲೆ. ಹಿಮ್ಮಡಿ ತಿರುಗಿಸುವ ಜಾಗವಂತೂ ಘಟ್ಟದ ತಿರುವಿನ ಹಾಗೆ. ಅಲ್ಲಿ ಎಣಿಸುವಾಗ ಯಾರೂ ಮಾತಾಡಿಸಬಾರದು. ನಮ್ಮ ಮನೆಯಲ್ಲಿ ಮಾತಿಲ್ಲದ ಹೊತ್ತೇ ಇಲ್ಲ. ಮಗನಿಗೆ ಹೆಣ್ಣು ನೋಡುತ್ತಿದ್ದ ದೂರದ ನೆಂಟರೊಬ್ಬರು ಭದ್ರಾವತಿಯ ಓಲ್ಡ್ ಟೌನಿನಿಂದ ಬಂದವರು, ನಾನು ಹಿಮ್ಮಡಿಯಲ್ಲಿದ್ದಾಗಲೇ, "ಎಷ್ಟಮ್ಮ ವಯಸ್ಸು ನಿಂಗೆ?" ಎಂದು ಕೇಳಿದರು. "ನಲವತ್ತೆಂಟು" ಎಂದೆ. ಅವರು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಆ ಹಿಮ್ಮಡಿ ಒಂದೂ ತಪ್ಪಿಲ್ಲದೆ ಮುಗಿಯಿತು.

ಇಷ್ಟರವರೆಗೆ ಹೆಣಿಗೆ ನನ್ನ ಕೈಯ ಚಟವಾಗಿತ್ತು. ಅದು ಕೆಲಸವಾದದ್ದು ಅಕ್ಕನಿಂದ. ಅಕ್ಕ ವಿಮಲ ಇದ್ದದ್ದು ಭದ್ರಾವತಿಯಲ್ಲಿ, ಭಾವನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಹಿಂದೆ ಎರಡು ಸಲ ಅವಳಿಗೆ ಬಸಿರು ನಿಂತಿರಲಿಲ್ಲ. ಈ ಸಲ ಐದು ತಿಂಗಳು ದಾಟಿತ್ತು, ಹಾಸಿಗೆ ಬಿಟ್ಟು ಏಳಕೂಡದೆಂದು ಲೇಡಿ ಡಾಕ್ಟರು ಹೇಳಿದ್ದರು. ಭಾನುವಾರ ನಾನು ರೈಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಅಂಥ ಒಂದು ಭಾನುವಾರ ಅಕ್ಕ ನನ್ನ ಕೈ ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡಳು.

"ಸುಶೀ, ಈ ಮನೇಲಿ ಎಲ್ರೂ ಪಿಸಿಪಿಸಿ ಮಾತಾಡ್ತಾರೆ ಕಣೇ. ಮಗು ಅನ್ನೋ ಮಾತನ್ನೇ ಯಾರೂ ಎತ್ತಲ್ಲ. ಅದು ಬರುತ್ತೆ ಅಂತ ನಾನೊಬ್ಳೇ ಎಷ್ಟು ದಿನ ನಂಬ್ಕೊಂಡು ಮಲಗಿರ್ಲಿ? ಏನಾದ್ರೂ ಪುಟ್ಟದು ಮಾಡಿಕೊಡು. ಕೈಲಿ ಹಿಡ್ಕೊಂಡಿರ್ತೀನಿ."

ನನಗೆ ಬರುವ ಪುಟ್ಟದೆಂದರೆ ಒಂದೇ. ಶಿವಮೊಗ್ಗಕ್ಕೆ ಬಂದವಳೇ ಬಿಳಿ ಉಲ್ಲನ್ ತಂದು ಶುರುಮಾಡಿದೆ. ಒಂದು ಕಾಲಿನದು ಮುಗಿದು ಎರಡನೆಯದು ಅರ್ಧವಾಗಿದ್ದಾಗ ಅಜ್ಜಿಯ ಕಣ್ಣಿಗೆ ಬಿತ್ತು. ಹುಟ್ಟದ ಮಗುವಿಗೆ ಹೊಸ ಬಟ್ಟೆ ಮಾಡಿಡಬಾರದು, ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಸೀರೆಯ ತುಂಡನ್ನೇ ಎಂಬುದು ನಮ್ಮ ಮನೆಯಲ್ಲಿ ಕೇಳಬೇಕಾಗಿಲ್ಲದ ವಿಷಯ. ಅಜ್ಜಿ ಆಣೆಯ ಬದಲು ಬಂದ ನಯಾಪೈಸೆಯನ್ನೇ ಇನ್ನೂ ಪೂರ್ತಿ ಒಪ್ಪಿಕೊಂಡಿರಲಿಲ್ಲ.

"ಯಾರಿಗೇ ಇದು?"

"ಪಟ್ಟದ ಗೊಂಬೆಗೆ, ಅಜ್ಜಿ. ದಸರಾಕ್ಕೆ."

"ಆ ಗೊಂಬೆಗೆ ಕಾಲೇ ಇಲ್ಲ. ಸೀರೆ ಕೆಳಗೆ ಬರೀ ಪೀಠ."

ಅಜ್ಜಿ ಕಾಲುಚೀಲವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. "ವಿಮಲಂಗಾ?" ಎಂದರು. ತಲೆಯಾಡಿಸಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಅದರ ಎಲೆಗಳ ಮೇಲೆ ಬೆರಳಾಡಿಸಿ, "ಹೊಸದು ಆಗಲ್ಲ. ಯಾರಾದ್ರೂ ಹಾಕಿ ಬಿಟ್ಟಿದ್ದಾದ್ರೆ ಹಳೇದು ಅನ್ನಿಸ್ಕೊಳ್ಳುತ್ತೆ. ಹಳೇದಕ್ಕೆ ದೋಷ ಇಲ್ಲ" ಎಂದು ಹೇಳಿ ಎದ್ದುಹೋದರು.

ನನಗೆ ಅಷ್ಟು ಸಾಕಾಗಿತ್ತು. ಎರಡನೆಯದನ್ನು ಮುಗಿಸಿದವಳೇ ಒಂದು ಮಗುವನ್ನು ಹುಡುಕಿಕೊಂಡು ಹೊರಟೆ. ಹಿಂದಿನ ಬೀದಿಯ ಶಾಂತಮ್ಮನವರ ಮೊಮ್ಮಗ ಸಿಕ್ಕಿದ. ಕಾಲಿಗೆ ಹಾಕಿದೆ. ಕೂಸು ನೋಡಲು ಎಷ್ಟು ಚೆಂದ ಕಂಡಿತೆಂದರೆ ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ಹಾಕಿದ್ದನ್ನು ಬಿಚ್ಚುವುದು ಹೇಗೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಶಾಂತಮ್ಮ ಒಳಗೆ ಹೋಗಿ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು ತಂದು, "ನಿನ್ನ ಕೈಗೆ ಬಂಗಾರದ ಬಳೆ ಬೀಳಲಿ ಕಣಮ್ಮ, ಕೇಳದೇನೇ ತಂದು ಹಾಕ್ದೆ" ಎಂದರು. ಕುಂಕುಮ ಇಟ್ಟುಕೊಂಡ ಬೆರಳಿನಿಂದಲೇ ಆ ಕಾಲುಚೀಲಗಳನ್ನು ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ. ಬಾಳೆಹಣ್ಣು ತಿನ್ನುತ್ತ ಮನೆಗೆ ಬಂದೆ. ದಿನಚರಿಯಲ್ಲಿ ಬರೆದೆ: ಹೆಣೆದದ್ದು ಒಂದು ಜೊತೆ, ಅಕ್ಕನಿಗೆ ತಲುಪಿದ್ದು ಇಲ್ಲ.

ಎರಡನೆಯ ಜೊತೆಗೆ ನಾನು ಜಾಣೆಯಾಗಿದ್ದೆ. ಶಾಲೆಯಲ್ಲಿ ಜೊತೆಗಿದ್ದ ಗಿರಿಜಾಳಿಗೆ ಎಂಟು ತಿಂಗಳ ಮಗುವಿತ್ತು. ಅವಳಿಗೆ ಮೊದಲೇ ಎಲ್ಲ ಬಿಡಿಸಿ ಹೇಳಿದೆ, ಇದು ಒಂದು ಸಾಯಂಕಾಲದ ಮಟ್ಟಿಗೆ, ನಾಳೆ ವಾಪಸ್ಸು ಎಂದು. "ಅಂದ್ರೆ ನನ್ನ ಮಗನ ಕಾಲು ಬಾಡಿಗೆಗೆ ಬೇಕು ಅನ್ನು" ಎಂದು ನಕ್ಕಳು. ಮಗು ಕಾಲುಚೀಲದಲ್ಲೇ ಒದ್ದೆ ಮಾಡಿಕೊಂಡಿತು. ಬಸುರಿಗೆ ಕೊಡುವ ಸಾಮಾನು, ಶುದ್ಧವಾಗಿ ಕೊಡಬೇಕು ಎಂದು ಗಿರಿಜಾ ಅದನ್ನು ಸೋಪಿನ ನೀರಿನಲ್ಲಿ ಕುದಿಸಿಬಿಟ್ಟಳು. ಮಾರನೆಯ ದಿನ ನನ್ನ ಅಂಗೈ ಮೇಲೆ ಇಟ್ಟದ್ದು ಒಣ ಅಂಜೂರದ ಹಾಗಿದ್ದ ಎರಡು ಮುದ್ದೆಗಳು. ಎಲೆಗಳೆಲ್ಲ ಮುಚ್ಚಿಕೊಂಡಿದ್ದವು. "ನೋಡು ಮಾರಾಯ್ತಿ, ತೂತೆಲ್ಲ ಹೋಗಿ ಎಷ್ಟು ಗಟ್ಟಿಯಾಗಿದೆ" ಎಂದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಅಷ್ಟು ಹೊತ್ತಿಗೆ, ಕೈಯಲ್ಲಿ ಕಾಲುಚೀಲ ಹಿಡಿದು ಕೂಸುಗಳಿರುವ ಮನೆಗಳನ್ನು ವಿಚಾರಿಸುತ್ತ ತಿರುಗುವ ಹುಡುಗಿಯ ವಿಷಯ ಹೊಸಮನೆಯಲ್ಲಿ ಹಬ್ಬಿತ್ತು. ಇಬ್ಬರು ಹೆಂಗಸರು ಮನೆಗೇ ಬಂದು, "ಹುಡುಗಿಗೆ ಮಕ್ಕಳ ಮೇಲೆ ಬಾಳ ಆಸೆ ಇದ್ದಂಗಿದೆ. ತಡ ಮಾಡ್ಬೇಡಿ" ಎಂದು ಅಮ್ಮನಿಗೆ ಬುದ್ಧಿ ಹೇಳಿ ಹೋದರು. ಅಮ್ಮ ಮತ್ತೆ ಮಾತು ಬಿಟ್ಟಳು.

ಮೂರನೆಯ ಜೊತೆ ಸುಖದಲ್ಲಿ ಹೆಣೆದದ್ದಲ್ಲ. ಅಕ್ಕನಿಗೆ ಏಳನೆಯ ತಿಂಗಳು ನಡೆಯುತ್ತಿತ್ತು. ಅವಳಿಗೆ ರಾತ್ರಿಯಿಂದ ಹೊಟ್ಟೆನೋವೆಂದು ಭಾವ ಒಂದು ಬೆಳಿಗ್ಗೆ ಹೇಳಿಕಳಿಸಿದರು, ಅಮ್ಮ ಓಡಿದಳು, ಸಂಜೆಗೆ ನೋವು ತಾನಾಗಿಯೇ ನಿಂತಿತು. ಆ ದಿನ ನಾನು ಹೆಣೆದ ಸಾಲುಗಳು ಎಷ್ಟು ಬಿಗಿಯಾಗಿದ್ದವೆಂದರೆ ಕುಣಿಕೆಗಳೊಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ. ಬಿಚ್ಚುವ ಮನಸ್ಸಾಗಲಿಲ್ಲ. ಒಂದು ಉದ್ದ, ಒಂದು ಗಿಡ್ಡವಾದ ಜೊತೆಯನ್ನು ತೆಗೆದುಕೊಂಡೇ ಭಾನುವಾರ ರೈಲು ಹತ್ತಿದೆ. ಅಕ್ಕನ ಪಕ್ಕದ ಕ್ವಾರ್ಟರ್ಸಿನಲ್ಲಿ ತಮಿಳಿನವರ ಮನೆ, ಅಲ್ಲೊಂದು ಕೈಗೂಸು. ನನ್ನ ಕಣ್ಣೆದುರೇ ಹಾಕಿಸಿ, ಕಣ್ಣೆದುರೇ ಬಿಚ್ಚಿಸಿಕೊಳ್ಳುವುದೆಂದು ನಿಶ್ಚಯಿಸಿದ್ದೆ. ಹೋದರೆ ಬಾಗಿಲಿಗೆ ಬೀಗ. ಊರಿಗೆ ಹೋಗಿದ್ದರಂತೆ, ಬರುವುದು ಇನ್ನೊಂದು ತಿಂಗಳಿಗೆ.

ಕೈಯಲ್ಲಿ ಕಾಲುಚೀಲ ಹಿಡಿದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತೆ. "ಏನದು? ಕೊಡಿಲ್ಲಿ" ಎಂದಳು. ಕೊಡುವ ಹಾಗಿಲ್ಲ ಎಂದೆ. ಯಾಕೆಂದು ಕೇಳಿದಳು. ಶಾಂತಮ್ಮನ ಬಾಳೆಹಣ್ಣಿನಿಂದ ಹಿಡಿದು ಗಿರಿಜಾಳ ಸೋಪಿನ ನೀರಿನವರೆಗೆ ಎಲ್ಲವನ್ನೂ ಹೇಳಿದೆ. ಅಕ್ಕ ನಗತೊಡಗಿದಳು. ಜೋರಾಗಿ ನಗಲು ಹೆದರಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಆಮೇಲೆ ನನ್ನ ಕೈಯಿಂದ ಚೀಲಗಳನ್ನು ಕಿತ್ತುಕೊಂಡು ಒಂದೊಂದು ಹೆಬ್ಬೆರಳಿಗೆ ಒಂದೊಂದು ಹಾಕಿಕೊಂಡಳು.

"ತಗೋ, ಹಾಕಿದ್ದಾಯ್ತು" ಎಂದಳು. ಬಿಚ್ಚಿದಳು. "ಬಿಟ್ಟಿದ್ದೂ ಆಯ್ತು. ಹಳೇದು." ಮತ್ತೆ ಹಾಕಿಕೊಂಡು, ಎರಡು ಹೆಬ್ಬೆರಳುಗಳನ್ನು ಹೊಟ್ಟೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಸಿದಳು. ಗಿಡ್ಡ ಚೀಲದ ಕಾಲು ಸ್ವಲ್ಪ ಕುಂಟುತ್ತಿತ್ತು.

ತಿಂಗಳು ತುಂಬಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆಣ್ಣು ಮಗುವಾಯಿತು. ಅಷ್ಟರಲ್ಲಿ ಆ ಚೀಲಗಳು ಅಕ್ಕನ ಕೈಯ ಬೆವರು, ಎಣ್ಣೆ, ಅರಿಶಿನಗಳಿಂದ ಯಾರು ನೋಡಿದರೂ ಹಳೆಯವೇ ಆಗಿದ್ದವು. ಮಗುವಿಗೆ ಭಾವನದೇ ಅಗಲ ಪಾದ. ಗಿಡ್ಡದು ಅರ್ಧ ಪಾದಕ್ಕೇ ನಿಂತಿತು, ಉದ್ದದ್ದನ್ನು ಅದು ಒದ್ದು ಬಿಸಾಕಿತು. ಅಜ್ಜಿಗೆ ಏನೂ ಬೇಸರವಿರಲಿಲ್ಲ. ನನಗೆ ಮಾತ್ರ ಮನಸ್ಸು ಕೊರೆಯುತ್ತಿತ್ತು. ಬಾಣಂತಿ ಮನೆಗೆ ಬಂದ ದಿನ, ಅವನ್ನು ಯಾವ ಮಗುವೂ ಹಾಕಿರಲಿಲ್ಲ, ಅಕ್ಕನ ಹೆಬ್ಬೆರಳೇ ಹಾಕಿದ್ದು ಎಂದು ಅಜ್ಜಿಯ ಹತ್ತಿರ ಒಪ್ಪಿಕೊಂಡೆ.

"ಮಗೂನೇ ಹಾಕ್ಬೇಕು ಅಂತ ನಾನು ಯಾವಾಗ ಹೇಳ್ದೆ?" ಎಂದರು ಅಜ್ಜಿ. "ಯಾರಾದ್ರೂ ಅಂದೆ. ನಿನ್ನ ಬೆರಳಿಗೆ ಹಾಕಿ ತೆಗೆದಿದ್ರೂ ಆಗ್ತಿತ್ತು."

"ಮತ್ತೆ ನಾನು ಬೀದಿ ಬೀದಿ ಅಲೆಯೋವಾಗ ಹೇಳ್ಬಾರದಿತ್ತಾ?"

"ಅಲೀಲಿ ಅಂತ ಬಿಟ್ಟೆ. ವಿಮಲನ ಚಿಂತೇಲಿ ನಿಮ್ಮಮ್ಮ ಒಂದು ಮೂಲೆ ಹಿಡಿದು ಕೂತಿದ್ಳು. ನೀನೂ ಮನೆಯೊಳಗೇ ಆ ಕೋಣೆಯಿಂದ ಈ ಕೋಣೆಗೆ ಸುತ್ತುತ್ತಾ ಇದ್ರೆ ನಾನು ಜಪಕ್ಕೆ ಕೂರೋದು ಹೇಗೆ ಮಾರಾಯ್ತಿ? ನೀನು ಹೊರಗಿದ್ದಷ್ಟು ಹೊತ್ತೇ ನಾನು ದೇವರ ಹತ್ರ ಅವಳ ವಿಷಯ ಮಾತಾಡಿದ್ದು."

ಇಷ್ಟು ಕೇಳಿದ ಮೇಲೆ ಕೂತಿರುವುದು ನನ್ನಿಂದ ಆಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಎಲ್ಲಿಗೆಂದು ನನಗೇ ಗೊತ್ತಿಲ್ಲದೆ ಬಾಗಿಲು ದಾಟಿದೆ.

"ಹೇಗೂ ಹೊರಟಿದ್ದೀಯ," ಒಳಗಿನಿಂದ ಅಜ್ಜಿಯ ದನಿ ಬಂತು, "ಬರ್ತಾ ಒಂದು ಕಟ್ಟು ವೀಳ್ಯದೆಲೆ ತಾ. ನಿಧಾನಕ್ಕೇ ಬಾ, ಮಗು ಮಲಗಿದೆ."