ಎರಡು ಚುಕ್ಕೆ ಮತ್ತು ಅವ್ವನ ಕತ್ತರಿ

ತನ್ನ ನೌಕರಿಯನ್ನು ಒಂದೇ ಮಾತಿನಲ್ಲಿ ವಿವರಿಸಲಾಗದವನು ಸ್ವಲ್ಪ ಸುಳ್ಳು ಹೇಳಬೇಕಾಗುತ್ತದೆ. ನಾನು ತುಸು ಧಾರಾಳವಾಗಿಯೇ ಹೇಳಿದ್ದೆ. ರಬಕವಿಯ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳದ ಮನೆ ನಮ್ಮದೊಂದೇ. ಹಗಲೆಲ್ಲ ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಕುಟ್ಟುವ ನಲವತ್ತರ ಗಂಡಸಿನ ಬಗ್ಗೆ ಜನ ಏನೆಂದುಕೊಂಡಾರು? ಅದಕ್ಕೇ ಅವ್ವನಿಗೆ, "ಜಗತ್ತಿನ ಕಂಪ್ಯೂಟರಿಗೆ ಕಳ್ಳರು ಬರದಂಗ ಕಾಯ್ತೀನಿ" ಎಂದಿದ್ದೆ. ಅವ್ವ ಅದನ್ನು ಓಣಿಗೆಲ್ಲ ಹಂಚಿದಳು. ಅಂದಿನಿಂದ ಮೊಬೈಲ್ ಕೆಟ್ಟವರೆಲ್ಲ ನಮ್ಮ ಕಟ್ಟೆಗೆ ಬರತೊಡಗಿದರು.

ನಿಜ ಹೇಳುತ್ತೇನೆ. ಕಳ್ಳರನ್ನು ತಡೆಯುವ ಪ್ರೋಗ್ರಾಂ ಬರೆದವರು ಬೇರೆ. ಅದರ ಸಾಲುಗಳ ನಡುವೆ, ಮುಂದೆ ಓದುವವರಿಗೆ ತಿಳಿಯಲೆಂದು ಅವರು ಬರೆದಿಟ್ಟ ಟಿಪ್ಪಣಿಗಳಿರುತ್ತವೆ. ಯಂತ್ರ ಅವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಕೆಲವಕ್ಕೆ ಕೊನೆಯಲ್ಲಿ ಒಂದು ಚುಕ್ಕೆ, ಕೆಲವಕ್ಕೆ ಅವಸರದಲ್ಲಿ ಒತ್ತಿದ ಎರಡು. ಅವನ್ನು ಒಪ್ಪ ಮಾಡುವುದೇ ನನ್ನ ಕೆಲಸ. ಮೂರು ತಿಂಗಳ ನಂತರ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದನ್ನು ಇದನ್ನು ನೋಡಿಯೇ ತೀರ್ಮಾನಿಸುತ್ತೇವೆಂದು ನಮ್ಮ ಕಂಪನಿಯ ಮ್ಯಾಡಮ್ ಹೇಳಿದ್ದರು.

ಆದರೂ ಸಾವಿರಾರು ಸಾಲು ಯಾರು ಓದಬೇಕು? ಎರಡು ಚುಕ್ಕೆ ಇದ್ದಲ್ಲೆಲ್ಲ ಒಂದು ಮಾಡು ಎಂದು ಒಂದೇ ಆಜ್ಞೆ ಕೊಟ್ಟೆ. ಚಹಾ ಆರುವ ಮೊದಲೇ ಎಲ್ಲ ಮುಗಿಯಿತು. ಪಕ್ಕದಲ್ಲಿ ಅವ್ವ, ಎದುರುಮನೆಯ ಮಗ್ಗದಿಂದ ಬಂದ ಸೀರೆ ಹರಡಿಕೊಂಡು, ಹೊರಗೆ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಖುಷಿಯ ಭರದಲ್ಲಿ ಅವಳಿಗೆ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ನಕ್ಕಾಳು ಎಂದುಕೊಂಡಿದ್ದೆ.

ಅವಳು ನಗಲಿಲ್ಲ. "ಒಂದೊಂದ ನೋಡಿ ತಗದಿಯೋ, ಒಮ್ಮೆಲೆ ಕತ್ತರಿ ಆಡಿಸಿದಿಯೋ?" ಎಂದಳು.

"ಒಮ್ಮೆಲೆ, ಅವ್ವಾ."

"ಸೆರಗಿನ ತುದೀಗೂ ಎಳಿ ಜೋತಾಡ್ತಾವು. ಅವು ಕುಚ್ಚ ಕಟ್ಟಾಕ ಬಿಟ್ಟಿದ್ದು. ಹೊಸಬ್ರು ಅವನ್ನೂ ಕತ್ತರಿಸಿ ಸೀರಿ ಹಾಳ ಮಾಡ್ತಾರ. ಮತ್ತೊಮ್ಮಿ ನೋಡಪಾ."

ಅವಳ ಸಮಾಧಾನಕ್ಕೆಂದು ನೋಡತೊಡಗಿದೆ. ಅರ್ಧ ತಾಸಿನಲ್ಲಿ ಒಂದು ಸಾಲಿಗೆ ಬಂದವನು, ಅದನ್ನೇ ಮತ್ತೆ ಮತ್ತೆ ಓದಿದೆ. ಫೈಲಿನ ವಿಳಾಸದಲ್ಲಿ ಎರಡು ಚುಕ್ಕೆ ಒತ್ತಿ, ತಮಗೆ ತೆರೆಯದ ಒಳಕೋಣೆಗೆ ನುಸುಳುವುದು ಕಂಪ್ಯೂಟರ್ ಕಳ್ಳರ ಹಳೆಯ ದಾರಿ. ಎರಡು ಚುಕ್ಕೆ ಕಂಡರೆ ಬಾಗಿಲು ಹಾಕು ಎಂಬ ಸಾಲು ಪ್ರೋಗ್ರಾಮಿನೊಳಗೇ ಇತ್ತು. ಅದು ಟಿಪ್ಪಣಿಯಲ್ಲ, ಕಾವಲು. ನಾನು ಅಲ್ಲಿಯದನ್ನೂ ಒಪ್ಪ ಮಾಡಿದ್ದೆ! ಮರುದಿನ ಅದನ್ನು ಕಳಿಸಿದ್ದರೆ ಕಳ್ಳರ ಜೊತೆ ನಾನೂ ಬಾಗಿಲಿನಿಂದಾಚೆ ಇರುತ್ತಿದ್ದೆ.

ಎಲ್ಲವನ್ನೂ ಮೊದಲಿನಂತೆ ಮಾಡಿ, ಮ್ಯಾಡಮ್ ಬಳಿ ನಾಲ್ಕು ದಿನ ಹೆಚ್ಚಿಗೆ ಕೇಳಿ, ಒಂದೊಂದೇ ಸಾಲು ಓದಿ ತಿದ್ದಿದೆ. ಅವ್ವ ಪಕ್ಕದಲ್ಲೇ ಕತ್ತರಿ ಹಿಡಿದು ಕೂತಿದ್ದಳು. ಆಗಾಗ ಕನ್ನಡಕದ ಮೇಲಿನಿಂದ ನನ್ನತ್ತ ನೋಡುತ್ತಿದ್ದಳು. ಮೂರು ತಿಂಗಳು ತುಂಬಿದಾಗ ಕೆಲಸ ಖಾಯಂ ಆಯಿತು. "ಭಾಳ ಎಚ್ಚರಿಕೆಯ ಮನುಷ್ಯ ನೀವು" ಎಂದು ಮ್ಯಾಡಮ್ ಹೊಗಳಿದರು. ನಾನು ನಾಚಿಕೆಯಿಲ್ಲದೆ ಧನ್ಯವಾದ ಹೇಳಿದೆ.

ಮೊನ್ನೆ ಎದುರುಮನೆಯ ಕಾಕಾ ಕಟ್ಟೆಯ ಮೇಲೆ ಕೂತು ಅವ್ವನನ್ನು ಕೇಳಿದರು: "ವೈನಿ, ನಿಮ್ಮ ಮಗಾ ಖರೇನ ಏನ ಕೆಲಸ ಮಾಡ್ತಾನ್ರಿ?"

"ದಾರ ಕತ್ತರಿಸ್ತಾನ್ರಿ," ಎಂದಳು ಅವ್ವ. "ಇನ್ನೂ ಕಲ್ಯಾಕತ್ತಾನ."

ಒಳಗೆ ಕೂತಿದ್ದ ನನಗೆ ಎಲ್ಲ ಕೇಳಿಸಿತು. ತಿದ್ದುವುದಕ್ಕೇ ಸಂಬಳ ಪಡೆಯುವ ನನಗೆ, ಆ ಮಾತಿನಲ್ಲಿ ತಿದ್ದಲು ಏನೂ ಸಿಗಲಿಲ್ಲ.