ಏರಿದ ತೆರಿಗೆ, ನಿಂತ ಜೀಪು

ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಕೊಪ್ಪಳದಲ್ಲಿ ಯಾರಾದರೊಬ್ಬರು ನನ್ನನ್ನು ತಡೆದು ನಿಲ್ಲಿಸುತ್ತಾರೆ. ತೆರಿಗೆ ಅಧಿಕಾರಿ ಎಂದಮೇಲೆ ಏರಿಸಿದವನೂ ನಾನೇ ಎಂದು ಅವರ ತೀರ್ಮಾನ. ತಿದ್ದಿ ತಿದ್ದಿ ಸಾಕಾಗಿದೆ.

ಕಟಿಂಗ್ ಅಂಗಡಿ

ಭಾಗ್ಯನಗರದ ಕಟಿಂಗ್ ಅಂಗಡಿಯವನು ನನ್ನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದ: "ಬೆಲಿ ಏರಿದ್ರ ಸರ್ಕಾರಕ್ಕ ಛಲೋ ಅಲ್ರಿ, ಸಾಹೇಬ್ರ?"

ಅಲುಗಾಡದೆ ವಿವರಿಸಿದೆ. ತೆರಿಗೆ ಶೇಕಡಾ ಲೆಕ್ಕದ್ದು, ಬೆಲೆಯ ಜೊತೆ ಏರುತ್ತದೆ. ಆದರೆ ಜನ ಬೈಕ್ ಮನೆಯಲ್ಲೇ ನಿಲ್ಲಿಸಿದರೆ ಮಾರಾಟ ಇಳಿದು, ಅಂದುಕೊಂಡಷ್ಟು ಬರುವುದಿಲ್ಲ.

"ಖರೇ ಐತ್ರಿ. ನಾನೂ ರೇಟ್ ಏರಿಸೀನಿ. ಓಣ್ಯಾಗ ಎಲ್ಲಾರೂ ಗಡ್ಡ ಬಿಟ್ಟಾರ."

ಡ್ರೈವರ್

ನಮ್ಮ ಜೀಪಿಗೆ ತಿಂಗಳಿಗೆ ಇಷ್ಟೇ ಡೀಸೆಲ್ ಹಣ ಎಂದು ನಿಗದಿಯಾಗಿದೆ. ಬೆಲೆ ಏರಿದರೂ ಆ ಹಣ ಏರುವುದಿಲ್ಲ. ಮೇಲಿನವರಿಗೆ ಬರೆದೆ. "ಆದಾಯ ಹೆಚ್ಚಿರುವುದು ಸಂತೋಷ, ಮಿತವ್ಯಯ ಪಾಲಿಸಿ" ಎಂದು ಉತ್ತರ ಬಂತು.

ಡ್ರೈವರ್ ಸಮಾಧಾನ ಹೇಳಿದ: "ಇನ್ನೊಂದೆರಡು ಸಲ ಏರ್ಲಿ ಬಿಡ್ರಿ ಸಾಹೇಬ್ರ. ನಾವು ಕಾಯಂ ನೆರಳಾಗ ಕುಂದ್ರಬೌದು."

ಕುಷ್ಟಗಿಯ ಸಭೆ

ಕರೆದಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದ ಕುಷ್ಟಗಿಯ ವ್ಯಾಪಾರಿಗಳು ಕಡೆಗೂ ಸಭೆಗೆ ಒಪ್ಪಿದ್ದರು. ಇಂಧನ ತೆರಿಗೆಯಿಂದ ಸರ್ಕಾರಕ್ಕೆ ಎಷ್ಟು ಬಲ ಬಂದಿದೆ ಎಂದು ನಾನು ಹೇಳಬೇಕು. ತಡವಾದರೆ ಎದ್ದು ಹೋಗುತ್ತಾರೆ, ಮತ್ತೆ ಸೇರುವವರಲ್ಲ. ಕಾರು ಕಳಿಸುತ್ತೇವೆ ಎಂದಿದ್ದರು. ವ್ಯಾಪಾರಿಗಳ ಕಾರು ನಾನು ಹತ್ತುವುದಿಲ್ಲ.

ಡ್ರೈವರ್ ಹಳೆಯ ದರದ ಅಂದಾಜಿನಲ್ಲೇ, ಎಂದಿನಷ್ಟೇ ಹಣದ ಡೀಸೆಲ್ ಹಾಕಿಸಿ ಹೊರಟಿದ್ದ. ಕುಷ್ಟಗಿ ಇನ್ನೂ ದೂರವಿರುವಾಗ ಜೀಪು ನಿಂತಿತು. ಪಂಪ್ ಹತ್ತಿರವಿಲ್ಲ. ಸರ್ಕಾರಿ ವಾಹನವನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದೂ ನನ್ನಿಂದಾಗದು. ಆಗ ಮೆಕ್ಕೆಜೋಳ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು.

"ಹಗ್ಗ ಐತ್ರಿ, ಜಗ್ಗತೀನಿ," ಎಂದ ರೈತ. "ಸರ್ಕಾರದ್ದು ಅಂದ್ರ ನಮ್ದ ಅಲ್ರಿ?"

ಸಭೆಯವರೆಲ್ಲ ಬಾಗಿಲಲ್ಲೇ ನಿಂತಿದ್ದರು. ಮೊದಲು ಟ್ರ್ಯಾಕ್ಟರ್ ಬಂತು, ಆಮೇಲೆ ಮೆಕ್ಕೆಜೋಳ, ಆಮೇಲೆ ಹಗ್ಗ, ಕೊನೆಗೆ ನಾನು. ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ಕೋಟಿನ ಧೂಳು ಕೊಡವಿಕೊಂಡು ಒಳಗೆ ಹೋದೆ. ಬೆಲೆ ಏರಿದ್ದರಿಂದ ಸರ್ಕಾರದ ಆದಾಯ ಹೇಗೆ ಹೆಚ್ಚಿದೆ ಎಂದು ಒಂದು ಅಂಶವನ್ನೂ ಬಿಡದೆ ಹೇಳಿದೆ. ಪ್ರಶ್ನೆಗಳೇ ಬರಲಿಲ್ಲ.

ಹೊರಡುವಾಗ ವ್ಯಾಪಾರಿ ಸಂಘದ ಹಿರಿಯ ಅಧ್ಯಕ್ಷರು ಕೈಮುಗಿದರು.

"ಎಲ್ಲಾ ತಿಳೀತ್ರಿ ಸಾಹೇಬ್ರ. ಟ್ರ್ಯಾಕ್ಟರ್‌ನವಗ ಚಾ ಕುಡಿಸಿ ಕುಂದ್ರಿಸೀವಿ. ಹಗ್ಗಾನೂ ಬಿಚ್ಚಿಲ್ರಿ. ನೀವು ಹೊಳ್ಳಿ ಹೋಗಬೇಕಲ್ರಿ?"