ಆರು ವಾರಕ್ಕೆ ನಾನು ಹಾಕಿದ ಗೀಟು

ಒಬ್ಬರ ನೋವನ್ನು ಇನ್ನೊಬ್ಬರು ಅಳೆಯುವ ಸಾಧನ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಅವರು ಜಹೀರಾಬಾದಿನ ನಮ್ಮ ಕಚೇರಿಗೆ ಬಂದವರಲ್ಲ. ಅಲ್ಲಿ ಆ ಸಾಧನ ನನ್ನ ಜೇಬಿನಲ್ಲೇ ಇದೆ, ಕೆಂಪು ಶಾಯಿಯದು. ಸಿಬ್ಬಂದಿಯ ರಜೆ ಅರ್ಜಿಗಳನ್ನು ಪರಿಶೀಲಿಸುವ ಗುಮಾಸ್ತ ನಾನು. ಡಾಕ್ಟರು ಒಂದು ತಿಂಗಳ ವಿಶ್ರಾಂತಿ ಎಂದು ಬರೆದಿದ್ದರೆ ಕಾಯಿಲೆ ಹದಿನೈದು ದಿನದ್ದು, ಉಳಿದ ಹದಿನೈದು ದಿನ ಯಾರದೋ ಮದುವೆಯದು ಎಂಬುದು ನನ್ನ ಸಿದ್ಧಾಂತ. ಅರ್ಧಕ್ಕೆ ಗೀಟು ಎಳೆದು ಟಿಪ್ಪಣಿ ಬರೆಯುತ್ತೇನೆ. ಸಾಹೇಬರು ಓದದೆ ಸಹಿ ಮಾಡುತ್ತಾರೆ. ಹೀಗೆ ಸರ್ಕಾರಕ್ಕೆ ನಾನು ಉಳಿಸಿಕೊಟ್ಟ ದಿನಗಳನ್ನು ಯಾರಾದರೂ ಕೂಡಿಸಿದ್ದರೆ ನನಗೊಂದು ಶಾಲು ಹೊದಿಸಬೇಕಾಗಿತ್ತು.

ನಮ್ಮ ಅಟೆಂಡರ್ ಶರಣಪ್ಪ ಸಿರ್ಗಾಪುರದವನು. ಅಪೆಂಡಿಕ್ಸ್ ಆಪರೇಶನ್ ಆಗಿ ತಿಂಗಳ ರಜೆ ಕೇಳಿದ್ದ. ನಾನು ಗೀಟೆಳೆದೆ ಎಂದು ತಿಳಿದು ಕಚೇರಿಗೇ ಬಂದು ಅಂಗಿ ಎತ್ತಿ ತೋರಿಸಿದ. "ನೋಡ್ರಿ ಸಾಬ್, ಇನ್ನಾ ಹಸೀ ಅದ." ನಾನು ಕನ್ನಡಕ ಹಾಕಿಕೊಂಡು, ಹಳೆಯ ದಸ್ತಾವೇಜನ್ನು ಪರೀಕ್ಷಿಸುವ ಶ್ರದ್ಧೆಯಿಂದ ಪರೀಕ್ಷಿಸಿ, ಹದಿನೈದು ದಿನ ಬಹಳಾಯಿತು ಎಂದು ತೀರ್ಪು ಕೊಟ್ಟೆ. ಹದಿನಾರನೆಯ ದಿನ ಫೈಲಿನ ಗಂಟು ಹೊರುತ್ತ ಅವನು ಹೇಳಿದ: "ನಿಮ್ಮ ಪೆನ್ನಿಗಿ ಹೊಟ್ಟಿ ಇಲ್ಲ ನೋಡ್ರಿ ಸಾಬ್, ಅದಕ್ಕೇನ್ ಗೊತ್ತಾಗ್ತದ?" ನಾನಿದನ್ನು ಪ್ರಶಂಸೆ ಎಂದೇ ಸ್ವೀಕರಿಸಿದೆ.

ಈ ನಡುವೆ ನನ್ನ ಹೆಂಡತಿ ಜಗದೇವಿಗೆ ಗರ್ಭಕೋಶದಲ್ಲಿ ಗಡ್ಡೆ ಎಂದಾಯಿತು. ಹೈದರಾಬಾದಿನ ಆಸ್ಪತ್ರೆಯವರು ಗರ್ಭಕೋಶವನ್ನೇ ರೋಬೋಟಿನಿಂದ ತೆಗೆಯುತ್ತೇವೆ, ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತುಗಳಷ್ಟೇ ಎಂದರು. ಆಪರೇಶನ್ ಮುಗಿದು ಮನೆಗೆ ಬಂದ ಮೇಲೆ ನನ್ನ ತಾಯಿಗೆ ಆ ವಿಜ್ಞಾನವನ್ನು ವಿವರಿಸುವ ಭಾರ ನನ್ನ ಮೇಲೆ ಬಿತ್ತು. ಡಾಕ್ಟರಮ್ಮ ರೋಗಿಯ ಹತ್ತಿರ ನಿಲ್ಲುವುದಿಲ್ಲ. ಮೂಲೆಯಲ್ಲಿ ಕುಳಿತು ಡಬ್ಬಿಯಂಥದ್ದರಲ್ಲಿ ಮುಖವಿಟ್ಟು ಬೆರಳಾಡಿಸುತ್ತಾರೆ. ಇಲ್ಲಿ ಯಂತ್ರದ ತೋಳುಗಳು ಹೊಟ್ಟೆಯೊಳಗೆ ಹಾಗೇ ಆಡುತ್ತವೆ ಎಂದೆ. ಅವ್ವ ಕೇಳಿದಳು: "ಅಂದ್ರ ಡಾಕ್ಟರಮ್ಮ ಇಕಿನ್ನ ಮುಟ್ಟೇ ಇಲ್ಲ? ಮುಟ್ಟಲಾರದ್ದು ಎಂಥಾ ಆಪರೇಶನ್ನೋ ತಮ್ಮಾ?"

ನನ್ನ ತಮ್ಮ ಹುಟ್ಟುವಾಗ ಬೀದರಿನಲ್ಲಿ ಅವ್ವನ ಹೊಟ್ಟೆ ಕೊಯ್ದಿದ್ದರು. ಆ ಗಾಯದ ಉದ್ದ ನಮ್ಮ ಬಂಧುಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಹೀಗಿರುವಾಗ ನಾರಾಯಣಖೇಡದಿಂದ, ತಾಂಡೂರಿನಿಂದ ಬಸ್ಸು ಹತ್ತಿ ಎಳನೀರು ಹೊತ್ತು ಬಂದವರಿಗೆ ಜಗದೇವಿಯ ಹೊಟ್ಟೆಯ ಮೇಲೆ ಕಂಡದ್ದು ನಾಲ್ಕು ಪುಟ್ಟ ಪಟ್ಟಿ. ಬಂದವರ ಮುಖದಲ್ಲಿ, ಊಟಕ್ಕೆ ಕರೆದು ಚಹಾ ಕೊಟ್ಟ ಹಾಗೆ ನಿರಾಶೆ. "ನನಗ ಹೊಟ್ಟಿ ಸೀಳಿದ್ರು, ತಿಂಗಳ ಮಕ್ಕೊಂಡಿದ್ದೆ," ಎಂದು ಅವ್ವ ಅವರನ್ನು ಸಮಾಧಾನಪಡಿಸುತ್ತಿದ್ದಳು. "ಇಕಿಗಿ ಸೊಳ್ಳಿ ಕಚ್ಯಾವ." ಜಗದೇವಿ ಗೋಡೆಯ ಕಡೆ ಹೊರಳುತ್ತಿದ್ದಳು. ಹೊರಳುವಾಗ ಹಲ್ಲು ಕಚ್ಚುತ್ತಿದ್ದಳು. ಅದನ್ನು ನಾನು ನೋಡಿದ್ದೇನೆ. ನೋಡಿಲ್ಲ ಎಂದು ಇಲ್ಲಿ ಬರೆಯುವಷ್ಟು ಧೈರ್ಯ ಇಲ್ಲ.

ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಕಾಗದ ಬಂದರೆ ನನ್ನ ಮುಂದೆ ಇಟ್ಟು ಎಲ್ಲರೂ ಸುಮ್ಮನಾಗುತ್ತಾರೆ. ಆರು ವಾರ ಭಾರ ಎತ್ತಬಾರದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆರು ಎಂದು ಕಂಡ ಕೂಡಲೇ ಅರ್ಧ ಮಾಡುವುದು ನನ್ನ ಕೈಗೆ ಹತ್ತಿದ ಚಾಳಿ, ಮೂರಾಯಿತು. ನಾಲ್ಕು ಪಟ್ಟಿಗಳನ್ನು ನೆನೆದು ಅದರಲ್ಲೂ ಒಂದು ವಾರ ಕಡಿತ ಮಾಡಿದೆ. ಹೋಟೆಲಿನ ಚಪಾತಿಯಿಂದ ನನ್ನ ನಾಲಿಗೆ ಕೆಟ್ಟಿತ್ತು ಎಂಬುದೂ ಕಡತದಲ್ಲಿ ದಾಖಲಾಗಲಿ.

"ಏನ್ ಬರ್ದಾರ್ರಿ?" ಎಂದಳು ಜಗದೇವಿ.

"ಎರಡು ವಾರ ಭಾರ ಎತ್ತಬ್ಯಾಡ ಅಂತ ಬರ್ದಾರ."

"ಡಾಕ್ಟರಮ್ಮ ಆರು ಅಂದಂಗಿತ್ತಲ್ರಿ?"

"ಬಾಯಿಲೆ ಹತ್ತೂ ಅಂತಾರ. ಕಾಗದದಾಗ ಏನದ, ಅದೇ ಖರೆ."

"ಆತು ಬಿಡ್ರಿ. ಓದಿದವ್ರು ನೀವು."

ಹದಿನೈದನೆಯ ದಿನ ಅವ್ವ ಜೋಳದ ಹಿಟ್ಟಿನ ಅಗಲ ಪರಾತವನ್ನು ಜಗದೇವಿಯ ಮುಂದಿಟ್ಟಳು. ಜೋಳದ ರೊಟ್ಟಿ ಬಡಿಯುವುದು ಅಂಗೈಯ ಕೆಲಸವೆಂದು ಬಡಿಯದವರು ತಿಳಿದಿರುತ್ತಾರೆ. ಪ್ರತಿ ಏಟೂ ಹೊಟ್ಟೆಯಿಂದ ಬರುತ್ತದೆ. ಆ ಸಪ್ಪಳ ಕೇಳಿ ಮನೆ ಮತ್ತೆ ಮನೆಯಾಯಿತು ಎಂದು ನಾನು ಸಂತೋಷಪಟ್ಟೆ. ಮೂರು ರೊಟ್ಟಿ ತಿಂದೆ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಗಿರಣಿಯಿಂದ ಬಂದ ಹಿಟ್ಟಿನ ಡಬ್ಬಿ ಬಾಗಿಲಲ್ಲಿತ್ತು. ನಾನು ಮಂಚದ ಮೇಲೆ ಪೇಪರು ಓದುತ್ತಿದ್ದೆ, ಡಬ್ಬಿಗೆ ನನ್ನಿಂದ ನಾಲ್ಕು ಹೆಜ್ಜೆ. ಜಗದೇವಿ ಎತ್ತಿದಳು. ಡಬ್ಬಿ ಬಿದ್ದ ಸಪ್ಪಳಕ್ಕೆ ತಲೆ ಎತ್ತಿದಾಗ ಹಿಟ್ಟಿನ ಮೇಲೆ ಕೂತಿದ್ದಳು, ಹೊಕ್ಕುಳ ಹತ್ತಿರ ಎರಡೂ ಕೈ ಒತ್ತಿ ಹಿಡಿದು.

ತೂತಿನ ಹೊಲಿಗೆ ಬಿಟ್ಟು ಕರುಳು ಹೊರಗೆ ನುಗ್ಗಿ ಸಿಕ್ಕಿಕೊಂಡಿತ್ತು. ಈ ಸಲ ರೋಬೋಟಿಗೆ ಪುರುಸೊತ್ತಿರಲಿಲ್ಲ. ಕೂಡಲೇ ಹೊಟ್ಟೆ ಕೊಯ್ಯಬೇಕು ಎಂದರು ಆಸ್ಪತ್ರೆಯವರು. ಒಳಗೆ ಒಯ್ಯುವ ಮುಂಚೆ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು: ಆರು ವಾರ ಎಂದು ಬರೆದುಕೊಟ್ಟಿದ್ದೆನಲ್ಲ, ಭಾರ ಎತ್ತು ಎಂದು ಹೇಳಿದವರು ಯಾರು?

ಜಗದೇವಿ ಕಣ್ಣು ಮುಚ್ಚಿಕೊಂಡೇ ಕನ್ನಡದಲ್ಲಿ ಹೇಳಿದಳು: "ಚೀಟಿ ಇವ್ರು ಓದ್ಯಾರ್ರಿ."

ಡಾಕ್ಟರಮ್ಮನಿಗೆ ಕನ್ನಡ ಬರುವುದಿಲ್ಲ. ಆದರೂ ನನ್ನ ಕಡೆ ನೋಡಿದರು.

ಈಗ ಅವಳ ಹೊಟ್ಟೆಯ ಮೇಲೆ ಒಂದು ಗೇಣು ಗಾಯವಿದೆ. ಬಂದವರು ನೋಡಿ "ಅಯ್ಯೋ" ಎನ್ನುತ್ತಾರೆ. ಅವ್ವ ಅವಳಿಗೆ ನೀರಿನ ಲೋಟವನ್ನೂ ಎತ್ತಲು ಬಿಡುವುದಿಲ್ಲ. ರೊಟ್ಟಿ ನಾನು ಬಡಿಯುತ್ತೇನೆ. ಹಂಚಿಗೆ ಹಾಕುವಾಗ ಮುರಿಯುತ್ತವೆ. ಹೊಸ ಚೀಟಿಯನ್ನು ಜಗದೇವಿ ನನ್ನ ಕೈಗೆ ಕೊಡಲಿಲ್ಲ. ನೋಡಲು ಬಂದ ಶರಣಪ್ಪನಿಗೆ ಕೊಟ್ಟಳು. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅದರಲ್ಲಿ ಮೂರು ತಿಂಗಳು ಎಂದಿದೆ.